ಬುದ್ಧವಚನದ ಅಚ್ಚುಹಲಗೆ ನಾವೇ ಮಾಡುವುದು ಹೇಗೆ? ಹೇಯಿನ್ಸಾದ ಕ್ರಮ, ಮರ ಆರಿಸುವುದರಿಂದ ಕಪಾಟಿನಲ್ಲಿ ಇಡುವವರೆಗೆ

ದಕ್ಷಿಣ ಕೊರಿಯಾದಲ್ಲಿ ಗಾಯಾಸಾನ್ ಅಂತ ಒಂದು ಬೆಟ್ಟ. ಅಲ್ಲಿ ಹೇಯಿನ್ಸಾ ಅನ್ನುವ ಬೌದ್ಧ ಮಠ, 802ರಲ್ಲಿ ಶುರುವಾದದ್ದು. ಮಠದ ಹಿಂಬದಿಗೆ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ, ಎರಡು ಉದ್ದನೆಯ ಮರದ ಕಟ್ಟಡಗಳಿವೆ. ಒಳಗೆ 81,000ಕ್ಕೂ ಜಾಸ್ತಿ ಕೆತ್ತಿದ ಹಲಗೆಗಳು ಪುಸ್ತಕದ ಹಾಗೆ ಸಾಲಾಗಿ ನಿಂತಿವೆ. ಇಡೀ ತ್ರಿಪಿಟಕ ಅದು. ಚೀನೀ ಲಿಪಿಯ 5 ಕೋಟಿಗೂ ಮೀರಿದ ಅಕ್ಷರಗಳು, ಅಷ್ಟನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಿದ್ದಾರೆ. ಕೆಲಸ ಮುಗಿದದ್ದು 1251ರಲ್ಲಿ. ಅವುಗಳ ಮೇಲೆ ಮಸಿ ಹಚ್ಚಿ ಕಾಗದ ಇಟ್ಟರೆ ಇವತ್ತಿಗೂ ಸ್ಪಷ್ಟವಾಗಿ ಅಚ್ಚು ಬೀಳುತ್ತದೆ.

ಇದನ್ನು ಓದಿದವರೆಲ್ಲ ಮೊದಲು ಬೆರಗಾಗುವುದು ಕೆತ್ತನೆಗೆ. ನಾನೂ ಅಷ್ಟೇ. ಉಳಿ ಹಿಡಿದು ನೋಡೋಣ ಅಂತ ಕೂತೆ. ಮೂರು ಹಲಗೆ ಮಾಡಿ ಮುಗಿಸುವಷ್ಟರಲ್ಲಿ ಒಂದು ವಿಷಯ ಗಟ್ಟಿಯಾಗಿ ಅರ್ಥ ಆಯಿತು. ಕೆತ್ತನೆ ನಡುವಿನ ಒಂದು ಹಂತ ಮಾತ್ರ. ಆ ಹಲಗೆಗಳು ಏಳೂವರೆ ಶತಮಾನ ಉಳಿದದ್ದು ಕೆತ್ತುವ ಮುಂಚೆ ಮರ ಒಣಗಲು ಕಾದದ್ದರಿಂದ, ಬರಹವನ್ನು ತಿದ್ದಿ ತಿದ್ದಿ ಸರಿ ಮಾಡಿಕೊಂಡದ್ದರಿಂದ, ಕೆತ್ತಿದ ಮೇಲೆ ಗಾಳಿಯಾಡುವ ಹಾಗೆ ಇಟ್ಟದ್ದರಿಂದ. ಹಾಗಾಗಿ ಈ ಬರಹದಲ್ಲಿ ಕೆತ್ತನೆಗೆ ಎಷ್ಟು ಜಾಗ ಇದೆಯೋ ಅದರ ಹಿಂದುಮುಂದಿನ ಕೆಲಸಕ್ಕೆ ಅದಕ್ಕಿಂತ ಜಾಸ್ತಿ ಜಾಗ ಕೊಟ್ಟಿದ್ದೇನೆ. ಆತುರ ಇದ್ದರೆ ಈ ಕೆಲಸ ಬೇಡ. ಪುಟ್ಟ ಹಲಗೆಗೂ ಆರೇಳು ತಿಂಗಳು ಹಿಡಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಸುಮ್ನೆ ಕಾಯುವುದೇ.

ಏನು ಕೆತ್ತಬೇಕು, ಎಷ್ಟು ದೊಡ್ಡದು

ಹೇಯಿನ್ಸಾದ ಒಂದು ಹಲಗೆ ಸುಮಾರು 70 ಸೆಂಟಿಮೀಟರ್ ಉದ್ದ, 24 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಸುಪಾಸು ದಪ್ಪ. ತೂಕ 3ರಿಂದ 4 ಕಿಲೋ. ಎರಡೂ ಮುಖಕ್ಕೆ ಕೆತ್ತನೆ ಇದೆ. ಮುಖಕ್ಕೆ 23 ಸಾಲು, ಸಾಲಿಗೆ 14 ಅಕ್ಷರ, ಅಂದರೆ ಒಂದು ಮುಖಕ್ಕೆ 322 ಅಕ್ಷರ. ಒಂದೊಂದು ಅಕ್ಷರ ಸುಮಾರು ಒಂದೂವರೆ ಸೆಂಟಿಮೀಟರ್.

ನಾವು ಅಷ್ಟಕ್ಕೆ ಕೈ ಹಾಕುವುದು ಬೇಡ. ಮೊದಲ ಹಲಗೆಗೆ ತ್ರಿಶರಣ ಸಾಕು: ಬುದ್ಧಂ ಶರಣಂ ಗಚ್ಛಾಮಿ, ಧರ್ಮಂ ಶರಣಂ ಗಚ್ಛಾಮಿ, ಸಂಘಂ ಶರಣಂ ಗಚ್ಛಾಮಿ. ಒಂದು ಸಾಲಿಗೆ ಎಂಟು ಅಕ್ಷರ, ಮೂರು ಸಾಲಿಗೆ ಇಪ್ಪತ್ನಾಲ್ಕು. ಮೂರೂ ಸಾಲಿನಲ್ಲಿ ‘ಶರಣಂ ಗಚ್ಛಾಮಿ’ ಮತ್ತೆ ಬರುವುದರಿಂದ ಒಂದೇ ಅಕ್ಷರವನ್ನು ಮೂರು ಸಲ ಕೆತ್ತುತ್ತೀರಿ. ಮೊದಲ ಸಾಲಿನ ‘ಚ್ಛಾ’ಗೂ ಮೂರನೆಯ ಸಾಲಿನ ‘ಚ್ಛಾ’ಗೂ ಎಷ್ಟು ವ್ಯತ್ಯಾಸ ಇದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ, ಹಾಗಾಗಿ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. 28 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆ ತೆಗೆದುಕೊಳ್ಳಿ. ದಪ್ಪದಲ್ಲಿ ಜಿಪುಣತನ ಮಾಡಬೇಡಿ. ತೆಳು ಹಲಗೆ ಬೇಗ ಬಾಗುತ್ತದೆ.

ಮರ

ಹೇಯಿನ್ಸಾದ ಹಲಗೆಗಳು ಬರ್ಚ್ ಮರದವು ಅಂತ ಬಹಳ ಕಾಲ ಹೇಳುತ್ತಿದ್ದರು. ಆಮೇಲೆ ಮರದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ಬೇರೆಯೇ ಗೊತ್ತಾಯಿತು: ಬಹುಪಾಲು ಕಾಡು ಚೆರ್ರಿ, ಅದರ ನಂತರ ಕಾಡು ಪಿಯರ್. ಜಪಾನಿನ ಉಜಿಯಲ್ಲಿ ಮಂಪುಕುಜಿ ಅಂತ ಮಠ ಇದೆ. ಅಲ್ಲಿ 17ನೇ ಶತಮಾನದಲ್ಲಿ ತೆತ್ಸುಗೆನ್ ಅನ್ನುವ ಭಿಕ್ಷು ಮಾಡಿಸಿದ ಸುಮಾರು 60,000 ಹಲಗೆಗಳು ಕೂಡ ಚೆರ್ರಿ ಮರದವೇ. ಟಿಬೆಟನ್ನರ ದೊಡ್ಡ ಮುದ್ರಣಮಠ ಇರುವ ದೇರ್ಗೆಯಲ್ಲಿ ಮಾತ್ರ ಬರ್ಚ್ ಬಳಸಿದರು, ಅಷ್ಟು ಎತ್ತರದ ಚಳಿ ನಾಡಿನಲ್ಲಿ ಸಿಗುವುದು ಅದೇ. ಈ ಮರಗಳಲ್ಲಿ ಒಂದು ಗುಣ ಸಮಾನ: ರಂಧ್ರಗಳು ಸಣ್ಣವು, ಮೈ ತುಂಬ ಒಂದೇ ಸಮ ಹರಡಿರುತ್ತವೆ. ಅಕ್ಷರದ ಅಂಚು ಪುಡಿಯಾಗದೆ ಚೂಪಾಗಿ ನಿಲ್ಲುವುದು ಅದರಿಂದಲೇ.

ನಮ್ಮಲ್ಲಿ ಚೆರ್ರಿ ಮರ ಹುಡುಕಿಕೊಂಡು ಹೋಗಬೇಕಿಲ್ಲ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಇದೆಯಲ್ಲ, ಬೆಳ್ಳಗೆ, ನುಣ್ಣಗೆ, ಅದು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಚಾಕು ತಡವರಿಸದೆ ಹೋಗುತ್ತದೆ. ತೇಗ ನೋಡಲು ಚೆಂದ, ಆದರೆ ಅದರ ರಂಧ್ರ ದೊಡ್ಡದು. ಬಟ್ಟೆಗೆ ಹಾಕುವ ದೊಡ್ಡ ಹೂವಿನ ಅಚ್ಚಿಗೆ ಸರಿ, ಸಣ್ಣ ಅಕ್ಷರಕ್ಕೆ ಅಲ್ಲ. ಬೀಟೆಯಂತೂ ಹೊಸಬರ ಕೈಯನ್ನು ಸೋಲಿಸಿಬಿಡುತ್ತದೆ.

ಹಲಗೆ ಆರಿಸುವಾಗ ಮೂರು ವಿಷಯ ನೋಡಿ. ಗಂಟು ಇರಬಾರದು. ಮರದ ನಟ್ಟನಡುವಿನ ತಿರುಳು ಹಲಗೆಯೊಳಗೆ ಬಂದಿರಬಾರದು, ಬಂದಿದ್ದರೆ ಒಂದಲ್ಲ ಒಂದು ದಿನ ಅಲ್ಲೇ ಸೀಳು ಬಿಡುತ್ತದೆ. ಎಳೆ ಉದ್ದಕ್ಕೆ ನೇರವಾಗಿ ಓಡಬೇಕು. ತಿರುಳು ಬಿಟ್ಟು 24 ಸೆಂಟಿಮೀಟರ್ ಅಗಲದ ಹಲಗೆ ಬರಬೇಕಾದರೆ ಎಂಥ ದಪ್ಪದ ಮರ ಬೇಕು, ಯೋಚಿಸಿ. ಅಂಥ ಕಾಡು ಚೆರ್ರಿಗಳನ್ನು ಹುಡುಕಿ, ಕಡಿದು, ಎಂಬತ್ತು ಸಾವಿರ ಹಲಗೆ ಸೀಳಿದ್ದಾರೆ. ಅದೂ ದೇಶದಲ್ಲಿ ಯುದ್ಧ ನಡೆಯುತ್ತಿದ್ದಾಗ.

ಒಣಗಿಸುವುದು: ಇಲ್ಲಿ ಆತುರಪಟ್ಟರೆ ಮುಂದಿನದೆಲ್ಲ ವ್ಯರ್ಥ

ನನ್ನ ಮೊದಲ ಹಲಗೆ ಹಾಳಾದದ್ದು ಇಲ್ಲೇ. ಒಂದು ಟಿಂಬರ್ ಡಿಪೋದಲ್ಲಿ “ಇದು ಚೆನ್ನಾಗಿ ಒಣಗಿದೆ ಸಾರ್” ಅಂದರು, ನಂಬಿ ತಂದೆ. ಮಾಘದಲ್ಲಿ ಕೆತ್ತಿ ಮುಗಿಸಿದೆ. ಯುಗಾದಿ ಹೊತ್ತಿಗೆ ಬಿಸಿಲೇರಿತು, ಹಲಗೆ ದೋಣಿಯ ಹಾಗೆ ಬಾಗಿತು. ಮಸಿ ಹಚ್ಚಿ ಅಚ್ಚು ತೆಗೆದರೆ ಮೇಲಿನ ಸಾಲು ಬಿತ್ತು, ಕೆಳಗಿನ ಸಾಲು ಬಿತ್ತು, ನಡುವಿನ ‘ಧರ್ಮಂ’ ಇಡಿಯಾಗಿ ಮಾಯ. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ಕೊರಿಯಾದಲ್ಲಿ ಮರದ ದಿಮ್ಮಿಗಳನ್ನು ಮೂರು ವರ್ಷ ಸಮುದ್ರದ ನೀರಿನಲ್ಲಿ ನೆನೆಹಾಕಿ, ಹಲಗೆ ಸೀಳಿ, ಉಪ್ಪುನೀರಿನಲ್ಲಿ ಕುದಿಸಿ, ನೆರಳಲ್ಲಿ ಗಾಳಿಗೆ ಒಣಗಿಸುತ್ತಿದ್ದರು ಅಂತ ಹೇಳುತ್ತಾರೆ. ದೇರ್ಗೆಯವರು ಹಲಗೆಯನ್ನು ಗೊಬ್ಬರದಲ್ಲಿ ಹೂತಿಟ್ಟು ಹದ ಮಾಡುತ್ತಿದ್ದರು. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಉದ್ದೇಶ ಸರಳ. ನೆನೆಸಿ ಕುದಿಸಿದರೆ ಮರದ ರಸ ಹೊರಗೆ ಬರುತ್ತದೆ, ಒಳಗಿರುವ ಹುಳ, ಮೊಟ್ಟೆ ಸಾಯುತ್ತವೆ. ಉಪ್ಪು ತೇವವನ್ನು ಹಿಡಿದಿಡುತ್ತದೆ, ಹಾಗಾಗಿ ಹಲಗೆಯ ಹೊರಮೈ ಒಳಗಿಗಿಂತ ಬೇಗ ಒಣಗುವುದಿಲ್ಲ. ಮರ ಬಿರುಕು ಬಿಡುವುದೇ ಹೊರಗೆ ಒಣಗಿ ಒಳಗೆ ಹಸಿ ಉಳಿದಾಗ, ಅಲ್ವಾ?

ಮನೆಯಲ್ಲಿ ಹೀಗೆ ಮಾಡಿ. ಹಲಗೆಯನ್ನು ಬೇಕಾದ್ದಕ್ಕಿಂತ ಎರಡೆರಡು ಸೆಂಟಿಮೀಟರ್ ದೊಡ್ಡದಾಗಿ, ಅರ್ಧ ಸೆಂಟಿಮೀಟರ್ ದಪ್ಪವಾಗಿ ಕೊಯ್ಯಿಸಿ ತನ್ನಿ. ಅದು ಮುಳುಗುವಷ್ಟು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಎರಡು ಮೂರು ಹಿಡಿ ಕಲ್ಲುಪ್ಪು ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಕುದಿಸಿ, ನಡುವೆ ಒಮ್ಮೆ ಮಗುಚಿ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಅದೇ ಮರದ ರಸ. ಅದೇ ನೀರಿನಲ್ಲಿ ತಣ್ಣಗಾಗಲು ಬಿಡಿ, ಬಿಸಿಯಲ್ಲೇ ಎತ್ತಿ ಗಾಳಿಗಿಡಬೇಡಿ. ಆಮೇಲೆ ಎರಡು ಸಮ ಕೋಲುಗಳ ಮೇಲೆ ಹಲಗೆ ಇಟ್ಟು, ಮೇಲೂ ಎರಡು ಕೋಲು ಇಟ್ಟು, ಅದರ ಮೇಲೆ ಒಂದು ಕಲ್ಲು ಹೇರಿ. ಜಾಗ ನೆರಳಿನಲ್ಲಿರಲಿ, ಗಾಳಿ ನಾಲ್ಕೂ ಕಡೆಯಿಂದ ಆಡಲಿ, ಬಿಸಿಲು ಮಾತ್ರ ತಾಗದಿರಲಿ.

ಒಣಗಿತೋ ಇಲ್ಲವೋ ಅಂತ ಮುಟ್ಟಿ ಹೇಳಲು ನಮ್ಮಂಥವರಿಗೆ ಆಗುವುದಿಲ್ಲ. ಅಡುಗೆಮನೆಯ ತಕ್ಕಡಿ ತಗೊಳ್ಳಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಹಲಗೆಯ ಬದಿಗೇ ಪೆನ್ಸಿಲ್‌ನಲ್ಲಿ ಬರೆಯಿರಿ. ನನ್ನ ಎರಡನೆಯ ಹಲಗೆ ಮೊದಲ ತಿಂಗಳು ವಾರವಾರವೂ ಹಗುರಾಗುತ್ತಾ ಹೋಯಿತು, ಆಮೇಲೆ ನಿಧಾನವಾಯಿತು, ನಾಲ್ಕನೆಯ ತಿಂಗಳ ಕೊನೆಗೆ ಮೂರು ವಾರ ಒಂದೇ ತೂಕ ತೋರಿಸಿತು. ಆಗ ಬಡಗಿಯ ಹತ್ತಿರ ಹೋಗಿ ಉಜ್ಜುಗೊರಡು ಹಾಕಿಸಿ ಸಮ ಮಾಡಿಸಿ. ಉಕ್ಕಿನ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ, ಅಡಿಯಿಂದ ಬೆಳಕು ಎಲ್ಲೂ ನುಸುಳಬಾರದು.

ಬರಹ ತಿದ್ದುವುದು

ಕಾಯುವ ಈ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಇದು. ಹೇಯಿನ್ಸಾದ ಹಲಗೆಗಳಿಗೆ ವಿದ್ವಾಂಸರ ನಡುವೆ ಇಷ್ಟು ಬೆಲೆ ಬಂದದ್ದು ಈ ಹಂತದಿಂದ ಅಂತ ನನಗೆ ಅನ್ನಿಸುತ್ತದೆ.

ಕಥೆ ಹಿಂದಿನಿಂದ ಹೇಳಬೇಕು. ಕೊರಿಯಾದ ಗೊರ್ಯೊ ರಾಜ್ಯದ ಮೇಲೆ ಉತ್ತರದ ಖಿತಾನರು ಅನ್ನುವ ಜನ ದಂಡೆತ್ತಿ ಬಂದಾಗ, 1011ರ ಹೊತ್ತಿಗೆ, ಬುದ್ಧನ ಕೃಪೆ ಬೇಡಿ ಮೊದಲ ಸಲ ತ್ರಿಪಿಟಕ ಕೆತ್ತಿಸಲು ಶುರು ಮಾಡಿದರು. ಅದು 1232ರಲ್ಲಿ ಮಂಗೋಲರ ದಾಳಿಯಲ್ಲಿ ಸುಟ್ಟು ಬೂದಿಯಾಯಿತು. ರಾಜಧಾನಿಯನ್ನು ಗಂಗ್ಹ್ವಾ ಅನ್ನುವ ದ್ವೀಪಕ್ಕೆ ಸಾಗಿಸಿ ಕೂತಿದ್ದ ಕಾಲ ಅದು. ಇನ್ನೂ ಯುದ್ಧ ಮುಗಿದಿಲ್ಲ. ಅಂಥ ಹೊತ್ತಿನಲ್ಲಿ ಇಡೀ ತ್ರಿಪಿಟಕವನ್ನು ಮತ್ತೆ ಮೊದಲಿನಿಂದ ಕೆತ್ತಲು ಕೂತರು.

ಸುಟ್ಟುಹೋದದ್ದರ ಮುದ್ರಿತ ಪ್ರತಿ ಇತ್ತು, ಅದನ್ನೇ ನೋಡಿ ಕೆತ್ತಿದ್ದರೆ ಸಾಕಾಗಿತ್ತು. ಆದರೆ ಪಾಠ ನೋಡುವ ಹೊಣೆ ಹೊತ್ತ ಸುಗಿ ಅನ್ನುವ ಭಿಕ್ಷು ಹಾಗೆ ಮಾಡಲಿಲ್ಲ. ತಮ್ಮದೇ ಹಳೆಯ ಪ್ರತಿ, ಚೀನಾದ ಸೊಂಗ್ ಅರಸರು 10ನೇ ಶತಮಾನದಲ್ಲಿ ಮುದ್ರಿಸಿದ್ದ ಪ್ರತಿ, ಖಿತಾನರ ಪ್ರತಿ, ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಖಿತಾನರು ಶತ್ರುಗಳಾಗಿದ್ದವರು ಅನ್ನುವುದನ್ನು ಮರೆಯಬೇಡಿ. ಎಲ್ಲಿ ಅವರ ಪಾಠ ಸರಿಯೋ ಅಲ್ಲಿ ಅವರದನ್ನೇ ತೆಗೆದುಕೊಂಡರು. ಯಾಕೆ ಬದಲಿಸಿದೆವು ಅನ್ನುವ ಟಿಪ್ಪಣಿಗಳೇ 30 ಸಂಪುಟ ಆಗಿ, ಅವನ್ನೂ ಹಲಗೆಯಲ್ಲಿ ಕೆತ್ತಿಟ್ಟರು. ಸೊಂಗ್ ಮತ್ತು ಖಿತಾನರ ಹಲಗೆಗಳು ಈಗ ಇಲ್ಲ. 20ನೇ ಶತಮಾನದಲ್ಲಿ ಜಪಾನಿನಲ್ಲಿ ತಾಯ್‌ಶೋ ಆವೃತ್ತಿಯ ತ್ರಿಪಿಟಕ ಅಚ್ಚಾದಾಗ ಅದಕ್ಕೆ ಆಧಾರವಾದದ್ದು ಈ ಕೊರಿಯಾದ ಪಾಠವೇ.

ನಮ್ಮ ಮೂರು ಸಾಲಿಗೂ ಇದೇ ಶಿಸ್ತು ಇರಲಿ. ಒಂದೇ ಕಡೆ ನೋಡಿ ಬರೆದುಕೊಳ್ಳಬೇಡಿ. ಎರಡು ಮೂರು ಮುದ್ರಿತ ಪುಸ್ತಕ ನೋಡಿ. ‘ಬುದ್ಧಂ’ ಅನ್ನುವುದನ್ನು ಎಷ್ಟು ಕಡೆ ‘ಬುದ್ದಂ’ ಅಂತ ಅಚ್ಚು ಮಾಡಿರುತ್ತಾರೆ ಅಂತ ಆಗ ಗೊತ್ತಾಗುತ್ತದೆ. ಆ ‘ಧ’ ಒತ್ತನ್ನು ಸ್ವಲ್ಪ ಹತ್ತಿರದಿಂದ ನೋಡಿ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿರುವ ಒಂದು ಪುಟ್ಟ ಸೀಳು ಗೆರೆ. ಒತ್ತಕ್ಷರ ಮೊದಲೇ ಚಿಕ್ಕದು, ಅದರೊಳಗಿನ ಆ ಗೆರೆ ಜೋಳದ ಕಾಳಿನಷ್ಟೂ ಇರುವುದಿಲ್ಲ. ಕೆತ್ತುವಾಗ ಅದು ಹಾರಿಹೋದರೆ ಬುದ್ಧನ ಹೆಸರೇ ತಪ್ಪಾಗುತ್ತದೆ. ಹಾಗಾಗಿ ಬರೆಯುವಾಗಲೇ ಒತ್ತಕ್ಷರಗಳನ್ನು ವಾಡಿಕೆಗಿಂತ ಸ್ವಲ್ಪ ದೊಡ್ಡದು ಮಾಡಿ, ಯಾವ ಗೆರೆಯೂ ಒಂದೂವರೆ ಮಿಲಿಮೀಟರಿಗಿಂತ ತೆಳ್ಳಗಾಗದ ಹಾಗೆ ನೋಡಿಕೊಳ್ಳಿ.

ಕಂಪ್ಯೂಟರ್ ಅಕ್ಷರ ಮುದ್ರಿಸಿ ಅಂಟಿಸಬಹುದಲ್ಲ ಅಂತ ಕೇಳುತ್ತೀರಿ. ಮಾಡಬಹುದು. ಆದರೂ ಕೈಯಲ್ಲೇ ಬರೆಯಿರಿ ಅನ್ನುತ್ತೇನೆ. ಗೊರ್ಯೊದಲ್ಲಿ ಬರೆದವರು ಎಷ್ಟೋ ಜನ, ಆದರೆ ಎಲ್ಲರೂ ಚೀನಾದ ಒಯಾಂಗ್ ಶ್ಯುನ್ ಅನ್ನುವ ಹಳೆಯ ಬರಹಗಾರರ ಶೈಲಿಯನ್ನೇ ಅಭ್ಯಾಸ ಮಾಡಿ ಬರೆದದ್ದರಿಂದ ಎಂಬತ್ತು ಸಾವಿರ ಹಲಗೆ ಒಂದೇ ಕೈ ಬರೆದ ಹಾಗೆ ಕಾಣುತ್ತವೆ. ಒಂದು ವಾರ ದಿನಾ ಇಪ್ಪತ್ನಾಲ್ಕು ಅಕ್ಷರ ಬರೆದು ನೋಡಿ. ಬರೆದ ಅಕ್ಷರದ ತಿರುವು ಬೆರಳಿಗೆ ಗೊತ್ತಿದ್ದರೆ ಕೆತ್ತುವಾಗ ಚಾಕು ತಾನಾಗಿ ತಿರುಗುತ್ತದೆ.

ಕೊನೆಯ ಪ್ರತಿಯನ್ನು ತೆಳುವಾದ ಟ್ರೇಸಿಂಗ್ ಕಾಗದದ ಮೇಲೆ, ನೀರಿಗೆ ಹರಡದ ಕಪ್ಪು ಶಾಯಿಯಲ್ಲಿ ಬರೆಯಿರಿ. ಬರೆದವರು ನೀವಾದರೆ ತಿದ್ದುವವರು ಬೇರೆಯವರಾಗಲಿ. ನಮ್ಮ ಮನೆಯಲ್ಲಿ ಅಮ್ಮ ನೋಡಿದರು, ಮೂರನೆಯ ಸಾಲಿನ ‘ಸಂಘಂ’ನಲ್ಲಿ ಕೊನೆಯ ಸೊನ್ನೆಯೇ ಬಿಟ್ಟುಹೋಗಿತ್ತು.

ಅಂಟಿಸುವುದು

ಚಿಕ್ಕ ಕೆಲಸ. ಮೈದಾ ಹಿಟ್ಟಿನ ತೆಳು ಅಂಟು ಕಾಯಿಸಿ, ಹಲಗೆಗೆ ಸವರಿ, ಬರೆದ ಮುಖ ಕೆಳಗೆ ಬರುವಂತೆ ಕಾಗದ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ನೀವಿ. ಗುಳ್ಳೆ ಉಳಿಯಬಾರದು. ಅಕ್ಷರ ತಾನಾಗಿ ತಿರುಗುಮುರುಗು ಆಗಿ ಕಾಣುತ್ತದೆ, ನೀವು ತಲೆ ಕೆಡಿಸಿಕೊಂಡು ಉಲ್ಟಾ ಬರೆಯುವ ಅಗತ್ಯವೇ ಇಲ್ಲ. ಒಂದು ರಾತ್ರಿ ಬಿಟ್ಟು, ಮರುದಿನ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಾಗದ ಪಾರದರ್ಶಕವಾಗಿ ಗೆರೆ ಕಪ್ಪಾಗಿ ಎದ್ದು ಬರುತ್ತದೆ. ಕೊರಿಯಾದಲ್ಲೂ ಹೀಗೇ ಮಾಡುತ್ತಿದ್ದರು: ಬರೆದ ಹಾಳೆಯನ್ನು ಬೋರಲು ಅಂಟಿಸಿ, ಎಣ್ಣೆ ಹಚ್ಚಿ, ಆಮೇಲೆ ಕೆತ್ತನೆ.

ಕೆತ್ತನೆ

ಬೇಕಾದದ್ದು ಒಂದು ಚೂಪು ಮೊನೆಯ ಚಾಕು, ಅರ್ಧ ಸೆಂಟಿಮೀಟರಿನ ಚಪ್ಪಟೆ ಉಳಿ, ಒಂದು ಸಣ್ಣ ಗುಂಡು ಬಾಯಿಯ ಉಳಿ, ಹಗುರವಾದ ಕೊಡತಿ, ಸಾಣೆಕಲ್ಲು. ಹಲಗೆ ಜಾರದ ಹಾಗೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿ. ಎಡಗೈ ಯಾವತ್ತೂ ಚಾಕುವಿನ ಹಿಂದೆ ಇರಲಿ, ಮುಂದೆ ಬೇಡ.

ಅಕ್ಷರ ಉಬ್ಬಾಗಿ ಉಳಿಯಬೇಕು, ಸುತ್ತಲಿನ ಮರ ಹೋಗಬೇಕು. ಮೊದಲು ಅಕ್ಷರದ ಅಂಚಿನಗುಂಟ ಚಾಕುವಿನಲ್ಲಿ ಗೀರಿ. ಗೀರುವಾಗ ಚಾಕುವನ್ನು ನೆಟ್ಟಗೆ ಹಿಡಿಯಬೇಡಿ, ಮೊನೆ ಅಕ್ಷರದಿಂದ ಆಚೆಗೆ ಇಳಿಯುವ ಹಾಗೆ ಸ್ವಲ್ಪ ವಾಲಿಸಿ. ಆಗ ಗೆರೆಯ ತಲೆ ಕಿರಿದಾಗಿ ಬುಡ ಅಗಲವಾಗಿ, ಕೆರೆ ಏರಿಯ ಹಾಗೆ ನಿಲ್ಲುತ್ತದೆ. ಚಾಕು ಒಳಕ್ಕೆ ವಾಲಿದರೆ ಬುಡ ಸವೆದು, ಅಚ್ಚು ಒತ್ತಿದಾಗ ಗೆರೆ ಮುರಿದು ಬೀಳುತ್ತದೆ. ನೂರಾರು ಸಲ ಉಜ್ಜಿದರೂ ನಿಲ್ಲುವ ಹಲಗೆಗೂ ಎರಡು ಸಲಕ್ಕೇ ಮುರಿಯುವ ಹಲಗೆಗೂ ಇರುವ ವ್ಯತ್ಯಾಸ ಈ ಓರೆಯಲ್ಲಿದೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಆಮೇಲೆ ಅದರ ಎದುರಿನಿಂದ ಇನ್ನೊಂದು ಓರೆ ಗೀರು ಹಾಕಿದರೆ ನಡುವಿನ ಮರ ಎಳೆಯಾಗಿ ಎದ್ದು ಬರುತ್ತದೆ. ಹೀಗೆ ಅಕ್ಷರದ ಸುತ್ತ ಕಾಲುವೆ ತೆಗೆದಾದ ಮೇಲೆ ದೊಡ್ಡ ಬಯಲನ್ನು ಚಪ್ಪಟೆ ಉಳಿಯಿಂದ ತೆಗೆಯಿರಿ. ಆಳ ಎರಡರಿಂದ ಮೂರು ಮಿಲಿಮೀಟರ್ ಸಾಕು, ಸಾಲುಗಳ ನಡುವೆ ಮಾತ್ರ ಇನ್ನಷ್ಟು ತಗ್ಗಿಸಿ, ಇಲ್ಲದಿದ್ದರೆ ಕಾಗದ ಅಲ್ಲಿ ಜಗ್ಗಿ ಮಸಿ ಮುಟ್ಟುತ್ತದೆ.

ಕನ್ನಡದ ವಿಷಯಕ್ಕೆ ಬರೋಣ. ಚೀನೀ ಅಕ್ಷರದಲ್ಲಿ ನೇರ ಗೆರೆಗಳು ಜಾಸ್ತಿ, ಕನ್ನಡದಲ್ಲಿ ಎಲ್ಲವೂ ದುಂಡು. ಮರಕ್ಕೆ ಎಳೆ ಇದೆ. ‘ರ’ ಕೆತ್ತುವಾಗ ದುಂಡಿನ ಒಂದು ಭಾಗದಲ್ಲಿ ಚಾಕು ಎಳೆಯ ಜೊತೆ ಓಡುತ್ತದೆ, ಇನ್ನೊಂದು ಭಾಗದಲ್ಲಿ ಎಳೆಗೆ ಅಡ್ಡ ಬಂದು ತಟ್ಟನೆ ಹಿಡಿಯುತ್ತದೆ, ಅಲ್ಲಿ ಬಲ ಹಾಕಿದರೆ ಚಕ್ಕೆ ಏಳುತ್ತದೆ. ಹಾಗಾಗಿ ಒಂದೇ ಎಳೆತದಲ್ಲಿ ವೃತ್ತ ಮುಗಿಸಲು ಹೋಗಬೇಡಿ. ನಾಲ್ಕು ತುಂಡು ಮಾಡಿ ಗೀರಿ, ಪ್ರತಿ ತುಂಡಿಗೂ ಮಣಿಕಟ್ಟು ತಿರುಗಿಸುವ ಬದಲು ಹಲಗೆಯನ್ನೇ ತಿರುಗಿಸಿ. ‘ಣ’ದ ಒಳಗಿನ ಸುರುಳಿ, ‘ಬ’ದ ಹೊಟ್ಟೆಯೊಳಗಿನ ಬಯಲು, ಇವನ್ನು ಮೊದಲು ಕೆತ್ತಿ, ಹೊರಗಿನ ಮರ ಆಮೇಲೆ. ಸುತ್ತಲಿನ ಮರ ಇನ್ನೂ ಗಟ್ಟಿ ಇರುವಾಗ ಒಳಗಿನ ಕೆಲಸ ಮುಗಿದರೆ ಗೆರೆಗೆ ಆಸರೆ ಇರುತ್ತದೆ.

ದಿನಕ್ಕೆ ಮೂರು ಅಕ್ಷರಕ್ಕಿಂತ ಜಾಸ್ತಿ ನನ್ನಿಂದ ಆಗಲಿಲ್ಲ. ಕಣ್ಣು ಸೋತ ಮೇಲೆ ಕೂತರೆ ತಪ್ಪು ಖಂಡಿತ. ಕೊರಿಯಾದ ಕೆತ್ತನೆಗಾರರು ಒಂದೊಂದು ಅಕ್ಷರಕ್ಕೂ ಮೂರು ಸಲ ನಮಸ್ಕರಿಸುತ್ತಿದ್ದರು ಅಂತ ಪ್ರತೀತಿ. ಭಕ್ತಿಯ ಮಾತು ಹಾಗಿರಲಿ, ಬೆನ್ನಿಗೂ ಕಣ್ಣಿಗೂ ಅದು ಒಳ್ಳೆಯ ಬಿಡುವು ಅಂತ ಕೆತ್ತಿದ ಮೇಲೆ ನನಗೆ ಅರ್ಥವಾಯಿತು. ದೇರ್ಗೆಯದ್ದು ಇನ್ನೊಂದು ಕಥೆ. ಅಲ್ಲಿನ ಅರಸ ತೆನ್ಪಾ ತ್ಸೆರಿಂಗ್ 1729ರಲ್ಲಿ ಮುದ್ರಣಮಠ ಶುರು ಮಾಡಿದಾಗ, ಕೆತ್ತಿದ ಗೀರುಗಳಲ್ಲಿ ತುಂಬುವಷ್ಟು ಚಿನ್ನದ ಪುಡಿಯನ್ನು ಕೂಲಿಯಾಗಿ ಕೊಡುತ್ತಿದ್ದನಂತೆ. ಆಳವಾಗಿ ಕೆತ್ತಿದವನಿಗೆ ಜಾಸ್ತಿ ಚಿನ್ನ!

ಅಕ್ಷರ ಮುರಿದರೆ ಹಲಗೆ ಎಸೆಯಬೇಡಿ. ಹೇಯಿನ್ಸಾದಲ್ಲೂ ತಪ್ಪಾದ ಅಕ್ಷರವನ್ನು ಚೌಕಾಕಾರಕ್ಕೆ ಕೊರೆದು ತೆಗೆದು, ಅದೇ ಅಳತೆಯ ಮರದ ತುಂಡು ಕೂರಿಸಿ, ಅದರ ಮೇಲೆ ಸರಿಯಾದದ್ದನ್ನು ಕೆತ್ತಿದ್ದಾರೆ. ನನ್ನ ‘ದ್ಧ’ದ ಒತ್ತು ಹಾರಿಹೋದಾಗ ನಾನೂ ಹಾಗೇ ಮಾಡಿದೆ. ಗುಂಡಿ ಅರ್ಧ ಸೆಂಟಿಮೀಟರ್ ಆಳ ಇರಲಿ, ತುಂಡಿನ ಎಳೆ ಹಲಗೆಯ ಎಳೆಯ ದಿಕ್ಕಿಗೇ ಇರಲಿ, ಬಿಗಿಯಾಗಿ ಕೂರಲಿ. ಅಚ್ಚು ತೆಗೆದರೆ ತೇಪೆ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಮೊದಲ ಅಚ್ಚು

ಕಾಗದದ ಉಳಿಕೆಯನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಉಜ್ಜಿ ತೆಗೆಯಿರಿ. ಎರಡು ದಿನ ಒಣಗಲಿ. ಕೊರಿಯಾದಲ್ಲಿ ಪೈನ್ ಮರದ ಹೊಗೆಯ ಮಸಿ ಬಳಸುತ್ತಿದ್ದರು, ಕಾಗದ ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯದು. ನಾವು ಹರಳೆಣ್ಣೆ ದೀಪದ ಕಾಡಿಗೆ ಸಂಗ್ರಹಿಸಿ ಗೋಂದಿನ ನೀರಿನಲ್ಲಿ ಅರೆದು ಮಾಡಬಹುದು. ಬಿಡುವಿಲ್ಲದಿದ್ದರೆ ಅಂಗಡಿಯ ಇಂಡಿಯನ್ ಇಂಕಿಗೆ ಸ್ವಲ್ಪ ಗಂಜಿ ಬೆರೆಸಿದರೂ ನಡೆಯುತ್ತದೆ. ಕಾಗದ ತೆಳುವಾದ, ಹೊಳಪಿಲ್ಲದ ಕೈಕಾಗದ ಇರಲಿ.

ಮಸಿಯನ್ನು ಗಿಡ್ಡ ಬ್ರಷ್‌ನಲ್ಲಿ ಅಕ್ಷರದ ತಲೆಗೆ ಮಾತ್ರ ತಟ್ಟಿ, ಗೀರುಗಳೊಳಗೆ ತುಂಬಬೇಡಿ. ಕಾಗದ ಮೇಲಿಟ್ಟು ಒಣ ಬಟ್ಟೆಯ ಉಂಡೆಯಿಂದ ಹಗುರವಾಗಿ ಉಜ್ಜಿ. ಕೊರಿಯಾದವರು ಇದಕ್ಕೆ ಕೂದಲಿನ ಉಂಡೆಗೆ ಜೇನುಮೇಣ ಸವರಿ ಬಳಸುತ್ತಿದ್ದರು, ಕಾಗದ ಹರಿಯದೆ ಜಾರಲಿ ಅಂತ. ಮೊದಲ ಎರಡು ಮೂರು ಅಚ್ಚು ಮಸುಕಾಗಿಯೇ ಬೀಳುತ್ತವೆ, ಮರ ಮಸಿ ಕುಡಿಯುತ್ತಿರುತ್ತದೆ. ನಾಲ್ಕನೆಯದನ್ನು ಮತ್ತೆ ಬೇರೆಯವರಿಗೆ ಕೊಟ್ಟು ತಿದ್ದಿಸಿ. ಬೇಡದ ಕಡೆ ಕಪ್ಪು ಬಿದ್ದಿದ್ದರೆ ಅಲ್ಲಿ ಇನ್ನಷ್ಟು ಕೆತ್ತಿ.

ಬೈಲಕುಪ್ಪೆಗೋ ಮುಂಡಗೋಡಿಗೋ ಹೋದಾಗ ಅಲ್ಲಿನ ಟಿಬೆಟನ್ ಮಠಗಳಲ್ಲಿ ಬಟ್ಟೆ ಸುತ್ತಿಟ್ಟ ಉದ್ದನೆಯ ಬಿಡಿಹಾಳೆಯ ಗ್ರಂಥಗಳನ್ನು ನೋಡಿ. ಆ ಅಡ್ಡ ಉದ್ದದ ಆಕಾರ ಭಾರತದ ತಾಳೆಗರಿಯಿಂದ ಹೋದದ್ದು. ದೇರ್ಗೆಯ ಹಲಗೆಗಳೂ ಅದೇ ಆಕಾರದವು. ಇಬ್ಬರು ಎದುರುಬದುರು ಕೂತು, ಒಬ್ಬರು ಮಸಿ ಹಚ್ಚಿ ಇನ್ನೊಬ್ಬರು ಉಜ್ಜಿ, ಹಾಳೆ ಮೇಲೆ ಹಾಳೆ ತೆಗೆಯುತ್ತಾರೆ.

ಎರಡು ಕಿವಿ ಕೂರಿಸುವುದು

ಇದನ್ನು ಬಿಡಬೇಡಿ. ಹೇಯಿನ್ಸಾದ ಹಲಗೆಯ ಎರಡೂ ತುದಿಗೆ ಹಲಗೆಗಿಂತ ದಪ್ಪನೆಯ ಅಡ್ಡಪಟ್ಟಿ ಇದೆ, ಮೂಲೆಗಳಿಗೆ ಲೋಹದ ತಗಡು ಬಡಿದಿದ್ದಾರೆ. ಈ ಪಟ್ಟಿ ಹಲಗೆ ಬಾಗದ ಹಾಗೆ ಹಿಡಿಯುತ್ತದೆ. ಎತ್ತುವಾಗ ಹಿಡಿಕೆ ಆಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೂ ಪಟ್ಟಿಗಳು ಮಾತ್ರ ಒಂದಕ್ಕೊಂದು ತಾಗುತ್ತವೆ, ಕೆತ್ತಿದ ಮುಖಗಳ ನಡುವೆ ಬೆರಳಿನಷ್ಟು ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಗಾಳಿ ಆಡುತ್ತದೆ, ಅಕ್ಷರಕ್ಕೆ ಅಕ್ಷರ ಉಜ್ಜುವುದೂ ಇಲ್ಲ. ಎಂಬತ್ತು ಸಾವಿರ ಹಲಗೆ ಉಳಿಸಿದ ಉಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ನಿಮ್ಮ ಹಲಗೆಗೆ ನಾಲ್ಕು ಸೆಂಟಿಮೀಟರ್ ದಪ್ಪದ ಎರಡು ಪಟ್ಟಿ ಮಾಡಿಸಿ. ಪಟ್ಟಿಯಲ್ಲಿ ತೋಡು ಕೊರೆದು ಹಲಗೆಯ ತುದಿ ಅದರೊಳಗೆ ಕೂರಬೇಕು. ನಡುವೆ ಮಾತ್ರ ಒಂದು ಮೊಳೆಯೋ ಬಿದಿರಿನ ಬೆಣೆಯೋ ಹಾಕಿ, ಉದ್ದಕ್ಕೂ ಅಂಟು ಬೇಡ. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ಪಟ್ಟಿಯ ಹೊರಮುಖಕ್ಕೆ ಹೆಸರು, ಸಂಖ್ಯೆ ಬರೆಯಿರಿ. ಹೇಯಿನ್ಸಾದಲ್ಲೂ ಗ್ರಂಥದ ಹೆಸರು, ಹಾಳೆಯ ಸಂಖ್ಯೆ ಇಷ್ಟನ್ನೂ ಗುರುತು ಮಾಡಿದ್ದಾರೆ, ಕಪಾಟಿನಿಂದ ಎಳೆಯದೆಯೇ ಯಾವುದು ಏನು ಅಂತ ಗೊತ್ತಾಗುತ್ತದೆ. ಕೆಲವು ಹಲಗೆಗಳಲ್ಲಿ ಕೆತ್ತಿದವರ ಹೆಸರೂ ಇದೆ. ನಿಮ್ಮದನ್ನೂ ಒಂದು ಮೂಲೆಯಲ್ಲಿ ಕೆತ್ತಿ.

ಮೈಗೆ ಅವರು ಅರಗಿನಂಥ ಮರದ ರಸ ಬಳಿದಿದ್ದಾರೆ. ಅದು ಚರ್ಮಕ್ಕೆ ತುರಿಕೆ ತರುವ ವಸ್ತು, ನಮಗೆ ಬೇಡ. ದೇರ್ಗೆಯವರು ಬೆಣ್ಣೆ ಬಳಸಿದರು, ನಮ್ಮ ಸೆಕೆಗೆ ಅದೂ ಆಗದು. ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ ಒಂದು ವಾರ ಒಣಗಿಸಿ, ಸಾಕು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಬಿಡಿಸಿ ಹರವಿ ಒಣಗಿಸಿ.

ಇಡುವುದು

ಗಂಗ್ಹ್ವಾದಲ್ಲಿದ್ದ ಹಲಗೆಗಳನ್ನು 1398ರಲ್ಲಿ ಅಲ್ಲಿಂದ ಹೊರಡಿಸಿ ಹೇಯಿನ್ಸಾಕ್ಕೆ ತಂದರು. ಈಗಿರುವ ಕಟ್ಟಡಗಳು 15ನೇ ಶತಮಾನದವು. ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕಟ್ಟಡಗಳನ್ನು, ಹಲಗೆಗಳಿಗೆ ಬೇರೆ ಮನ್ನಣೆ ಬಂದದ್ದು 2007ರಲ್ಲಿ. ಅಲ್ಲಿ ಯಂತ್ರ ಇಲ್ಲ, ಏಸಿ ಇಲ್ಲ. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂದಿನ ಗೋಡೆಯಲ್ಲಿ ಅದರ ತದ್ವಿರುದ್ಧ. ಗಾಳಿ ಮುಂದೆ ಕೆಳಗಿನಿಂದ ನುಗ್ಗಿ, ಕಪಾಟುಗಳ ನಡುವೆ ಸುತ್ತಿ, ಹಿಂದೆ ಮೇಲಿನಿಂದ ಹೊರಗೆ ಹೋಗುತ್ತದೆ. ಮಣ್ಣಿನ ನೆಲದ ಅಡಿಯಲ್ಲಿ ಇದ್ದಿಲು, ಸುಣ್ಣ, ಉಪ್ಪು, ಮರಳು. ಮಳೆ ಬಂದಾಗ ತೇವ ಹೀರಿಕೊಂಡು, ಒಣ ದಿನಗಳಲ್ಲಿ ಬಿಡುತ್ತದೆ. 1970ರ ದಶಕದಲ್ಲಿ ಹೊಸದಾಗಿ ಕಾಂಕ್ರೀಟ್ ಕಟ್ಟಡ ಕಟ್ಟಿ ಕೆಲವು ಹಲಗೆ ಇಟ್ಟು ನೋಡಿದಾಗ ಬೂಸ್ಟು ಬಂತು. ಹಾಗಾಗಿ ಹಳೆಯ ಜಾಗವೇ ಒಳ್ಳೆಯದು ಅಂತ ಬಿಟ್ಟರು. ಅದಕ್ಕೂ ಮುಂಚೆ 1951ರಲ್ಲಿ, ಯುದ್ಧದ ನಡುವೆ, ಹೇಯಿನ್ಸಾ ಮೇಲೆ ಬಾಂಬು ಹಾಕಲು ಬಂದ ಆದೇಶವನ್ನು ಕಿಮ್ ಯಂಗ್-ಹ್ವಾನ್ ಅನ್ನುವ ಕೊರಿಯಾದ ವಾಯುಪಡೆಯ ಅಧಿಕಾರಿ ಪಾಲಿಸಲಿಲ್ಲ. ಆತ ಪಾಲಿಸಿದ್ದರೆ ಕಿಟಕಿ, ಇದ್ದಿಲು ಯಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಮನೆಯಲ್ಲಿ ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಬೇಡಿ, ಗೋಡೆಗೆ ಒರಗಿಸಬೇಡಿ. ಪಟ್ಟಿಗಳ ಮೇಲೆ ನಿಲ್ಲುವ ಹಾಗೆ ನೆಟ್ಟಗೆ, ಹಿಂದೆ ಮುಂದೆ ತೆರೆದ ಕಪಾಟಿನಲ್ಲಿ, ನೆಲದಿಂದ ಎರಡಡಿ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ. ಕಪಾಟಿನ ತಳದಲ್ಲಿ ಒಂದು ಮಣ್ಣಿನ ತಟ್ಟೆ ತುಂಬ ಇದ್ದಿಲು ಇಟ್ಟು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ತನ್ನಿ. ಮಲೆನಾಡು, ಕರಾವಳಿಯವರು ಆಷಾಢದಲ್ಲಿ ವಾರಕ್ಕೊಮ್ಮೆ ಎತ್ತಿ ನೋಡಲೇಬೇಕು. ಪುಡಿ ಉದುರಿದ್ದರೆ ಹುಳ ಬಿದ್ದಿದೆ ಅಂತ ಅರ್ಥ. ಬಿಳಿ ಬೂಸ್ಟು ಕಂಡರೆ ಒಣ ಬ್ರಷ್‌ನಲ್ಲಿ ಒರೆಸಿ ಗಾಳಿಗೆ ಇಡಿ, ಒದ್ದೆ ಬಟ್ಟೆ ತಾಗಿಸಬೇಡಿ.

ವರ್ಷಕ್ಕೊಮ್ಮೆ ಅಚ್ಚು ತೆಗೆಯಿರಿ. ಹೇಯಿನ್ಸಾದಲ್ಲಿ ವಸಂತದಲ್ಲಿ ಭಿಕ್ಷುಗಳೂ ಭಕ್ತರೂ ತ್ರಿಪಿಟಕವನ್ನು ತಲೆಯ ಮೇಲೆ ಹೊತ್ತು ಅಂಗಳದಲ್ಲಿ ಸುತ್ತು ಬರುವ ಹಬ್ಬ ಇದೆ. ನಾನು ಬುದ್ಧ ಪೂರ್ಣಿಮೆಯ ದಿನ ಹಲಗೆ ಇಳಿಸುತ್ತೇನೆ. ಹತ್ತು ಹಾಳೆ ತೆಗೆದು ಬಂದವರಿಗೆ ಕೊಟ್ಟು, ಹನ್ನೊಂದನೆಯದನ್ನು ಹಿಂದಿನ ವರ್ಷದ ಹಾಳೆಯ ಪಕ್ಕ ಇಟ್ಟು ‘ದ್ಧ’ದ ಒತ್ತನ್ನು ನೋಡುತ್ತೇನೆ. ಈ ಸಲವೂ ಆ ಗೆರೆ ಸರಿಯಾಗಿ ಬಿದ್ದಿತ್ತು.